ಇನ್‌ಸ್ಪೆಕ್ಟರರಿಗೆ ಹಾಕಿದ ಸಂಕ

‘ಪಾದ ಮುಳುಗುವಷ್ಟು ನೀರು’ ಎಂದು ರೆವಿನ್ಯೂ ಇನ್‌ಸ್ಪೆಕ್ಟರರು ಜಗಲಿಯಲ್ಲಿ ಕೂತು ಗದ್ದೆಯ ಕಂದಾಯ ಮನ್ನಾದ ಅರ್ಜಿಯ ಮೇಲೆ ಬರೆದದ್ದನ್ನು ಕಂಡು ದೇರಣ್ಣ ಗೌಡರು ಕೈಯಲ್ಲಿದ್ದ ಬೆಲ್ಲದ ತಟ್ಟೆಯನ್ನು ಕೆಳಗಿಟ್ಟರು. “ಸೊಂಟದವರೆಗೆ ಉಂಟು ಸ್ವಾಮಿ! ಹೊಸ ರಸ್ತೆಗೆ ಮೋರಿಯೇ ಇಡ್ಲಿಲ್ಲ, ನೀರು ಹೋಗುದೆಲ್ಲಿಗೆ? ಮೂರು ವರ್ಷದಿಂದ ನೆಟ್ಟ ಭತ್ತದ ನೇಜಿಯೆಲ್ಲ ಕೊಳೀತಾ ಉಂಟು. ಬೆಳೆಯೇ ಇಲ್ಲದ ಗದ್ದೆಗೆ ಎಂತ ತೀರ್ವೆ?”

“ಮಳೆ ಹೊಯ್ಯುವ ಆಟಿ ತಿಂಗಳಲ್ಲಿ ಗದ್ದೆಯಲ್ಲಿ ನೀರಲ್ಲದೆ ಧೂಳು ಇರ್ತದಾ ಗೌಡ್ರೇ? ನಾನು ಗದ್ದೆ ದಾಟಿಯೇ ಬಂದೆನಲ್ಲ. ನೋಡಿ, ಚಪ್ಪಲಿ ಸಹ ಒದ್ದೆಯಾಗ್ಲಿಲ್ಲ.”

ದೇರಣ್ಣ ಹಣೆ ಚಚ್ಚಿಕೊಂಡರು. ಮನೆಗೆ ಬರುವ ದೊಡ್ಡವರ ಕಾಲು ಕೆಸರಾಗಬಾರದೆಂದು ನಿನ್ನೆಯಷ್ಟೇ ನಾಲ್ಕು ಅಡಿಕೆ ಮರ ಕಡಿದು ಗದ್ದೆಯುದ್ದಕ್ಕೂ ನೀರಿನ ಮೇಲೆ ನಡೆದು ದಾಟುವ ಸಂಕ ಹಾಕಿದವರು ಅವರೇ. ಕಾಲು ತೊಳೆಯಲೆಂದು ಹೆಂಡತಿ ಸೇವಂತಿ ಮೆಟ್ಟಿಲಲ್ಲಿಟ್ಟಿದ್ದ ಚೆಂಬಿನ ನೀರು ಒಂದು ತೊಟ್ಟೂ ಕಡಿಮೆಯಾಗಿರಲಿಲ್ಲ.

ಇನ್‌ಸ್ಪೆಕ್ಟರರು ವೀಳ್ಯ ಮೆಲ್ಲುತ್ತಾ, ‘ಅರ್ಜಿ ತಿರಸ್ಕರಿಸಬಹುದು’ ಎಂದು ಮುಗಿಸಿ, ಛತ್ರಿ ಹಿಡಿದು ಅಂಗಳ ದಾಟಿದರು. ಅಷ್ಟರಲ್ಲಿ ಗಂಡಹೆಂಡತಿ ಸೇರಿ ಸಂಕದ ಈಚೆ ತುದಿಯ ಮರವನ್ನು ದಡಕ್ಕೆ ಎಳೆದು ಹಾಕಿದ್ದರು.

“ರಸ್ತೆಗೆ ಬೇರೆ ದಾರಿ ಇಲ್ಲ ಸ್ವಾಮಿ, ಇಳಿದೇ ಹೋಗ್ಬೇಕು,” ಎಂದರು ದೇರಣ್ಣ. “ಬರ್ದ ಕಾಗದ ಮಾತ್ರ ತಲೆ ಮೇಲೆ ಇಟ್ಕೊಳ್ಳಿ. ಒದ್ದೆಯಾದೀತು.”