ಮೂಕಮ್ಮನ ಅಂಗಡಿ ಹೊರಟಿತು

"ನಾಕನೇ ಬೋಲ್ಟೂ ಕುಂತ್ತು!" ಎಂದು ಮೆಕ್ಯಾನಿಕ್ ಅಲ್ಲಾಬಕ್ಷ್ ಕಾರಿನಡಿಯಿಂದ ಕೂಗಿದ್ದೇ ತಡ, ಕಲ್ಲೂರಿನ ಬಸ್‌ಸ್ಟ್ಯಾಂಡಿನಲ್ಲಿ ಸೇರಿದ್ದ ಜನವೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದರು. ಎಷ್ಟೋ ವರ್ಷದಿಂದ ಕಲ್ಲಿನ ಕಟ್ಟೆಯ ಮೇಲೆ ಅಲುಗಾಡದೆ ಕೂತಿದ್ದ ಮೂಕಮ್ಮನ ಬೀಡಿ, ಸೋಪು, ಬಿಸ್ಕತ್ತಿನ ಅಂಗಡಿಗೆ ಈಗ ನಾಲ್ಕು ಚಕ್ರ ಬಂದಿದ್ದವು.

ಅಂಗಡಿಯೆಂದರೆ ಅದು ಒಂದು ಹಳೇ ಕಾರಿನ ಹಿಂಭಾಗದ ಕೋಣೆ. ಮಾನ್ವಿಯ ಹನುಮಂತರಾಯರ ಅಜ್ಜ ಆ ಕಾಲಕ್ಕೆ ತರಿಸಿದ ಕಾರಿಗೆ ಎರಡು ಮೈ. ಬೇಸಿಗೆಗೆ ಗಾಳಿಯಾಡುವ ತೆರೆದ ಮೈ. ಮಳೆಗಾಲ ಬಂತೆಂದರೆ ಅದನ್ನು ಬಿಚ್ಚಿಟ್ಟು, ಅದೇ ಚಕ್ರಗಳ ಮೇಲೆ ಈ ಮುಚ್ಚಿದ ಮೈ. ಒಳಗೆ ಮಖಮಲ್ ಸೀಟು, ಮಡಚಿ ಬಿಡಿಸುವ ಪುಟ್ಟ ಕುರ್ಚಿಗಳು, ಕಿಟಕಿಗೆ ರೇಷ್ಮೆ ಪರದೆ, ಹೂವಿಡಲು ಗಾಜಿನ ಕುಪ್ಪಿ, ಧಣಿಗೂ ಡ್ರೈವರಿಗೂ ನಡುವೆ ಸರಿಸುವ ಗಾಜು. ಮುಂದೊಂದು ದಿನ ಧಣಿಗಳಿಗೆ ಈ ಮೈ ಬೇಡವಾಯಿತು. ಡ್ರೈವರ್ ರಾಮಲಿಂಗಪ್ಪನಿಗೆ ಕೊಟ್ಟು ಕೈತೊಳೆದುಕೊಂಡರು. ಅವನ ಸೊಸೆ ಮೂಕಮ್ಮ ಅದರಲ್ಲೇ ಅಂಗಡಿ ಇಟ್ಟಳು. ರೇಷ್ಮೆ ಇಲಿಗಳ ಪಾಲಾಯಿತು, ಹೂವಿನ ಕುಪ್ಪಿಯಲ್ಲಿ ಊದಿನಕಡ್ಡಿ ನಿಂತವು, ಮಡಚುವ ಕುರ್ಚಿಯ ಮೇಲೆ ಬಿಸ್ಕತ್ತಿನ ಡಬ್ಬಿಗಳು ಧಣಿಗಳ ಹಾಗೆ ಕೂತವು.

ತೆರೆದ ಮೈಯ ಕಾರು ಹನುಮಂತರಾಯರ ಬಳಿಯೇ ಉಳಿದಿತ್ತು; ಈಗ ಅವರಿಗೆ ಇದೂ ಮತ್ತೆ ಬೇಕಾಗಿತ್ತು. ನಾಳೆ ರಾಯಚೂರಿನಲ್ಲಿ ಹಳೇ ಕಾರುಗಳ ಮೆರವಣಿಗೆ. ಎರಡೂ ಮೈ ಇರುವ ಕಾರಿಗೆ ಮೊದಲ ಬಹುಮಾನ ಕಟ್ಟಿಟ್ಟ ಬುತ್ತಿ ಎಂದು ಅವರ ಲೆಕ್ಕ. ಬದಲಿಗೆ ಹೊಸ ತಗಡಿನ ಅಂಗಡಿ ಕಟ್ಟಿಸಿಕೊಡುತ್ತೇನೆ ಎಂದಿದ್ದರು. ಮೂಕಮ್ಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

"ನಮ್ಮ ಮಾವ ಜಲ್ಮ ಪೂರಾ ಈ ಗಾಡಿ ಹೊಡದ, ಒರಸಿದ. ಒಳಗ ಕುಂತು ಒಂದಿನಾನೂ ಹೋಗ್ಲಿಲ್ಲ. ಮೊದ್ಲ ನನ್ನ ಕುಂದ್ರಿಸಿ ಒಂದ್ ಸುತ್ತು ಹೊಡೀರಿ. ಕೊಡೋದು ಬಿಡೋದು ಆಮ್ಯಾಲ ಹೇಳ್ತೀನಿ," ಎಂದಿದ್ದಳು.

ಅದಕ್ಕೇ ಈ ಸಂಭ್ರಮ. ಕಟ್ಟೆಯಿಂದ ಎತ್ತಿ ರಾಯರ ಕಾರಿಗೆ ಕೂರಿಸುವಾಗ ಇಳಿಸಿದ್ದ ಸಾಮಾನನ್ನೆಲ್ಲ ಅವಳು ಮತ್ತೆ ಒಳಗೆ ಜೋಡಿಸತೊಡಗಿದಳು.

"ಸುತ್ತು ಹಾಕಾಕ ಸಾಮಾನ್ ಯಾಕವ್ವಾ?" ಅಲ್ಲಾಬಕ್ಷ್ ನಕ್ಕ.

"ಅಂಗಡಿ ಎಲ್ಲಿಗಿ ಹೋಗ್ತದೋ ಸಾಮಾನೂ ಅಲ್ಲಿಗೇ. ನೀ ಹ್ಯಾಂಡಲ್ ತಿರುವು!"

ಕಾರನ್ನು ಇನ್ನೊಬ್ಬರ ಕೈಗೆ ಕೊಡುವ ಜಾಯಮಾನ ರಾಯರದಲ್ಲ. ತಾವೇ ಮುಂದಿನ ಸೀಟಿನಲ್ಲಿ ಕೂತರು. ಅಲ್ಲಾಬಕ್ಷ್ ಹ್ಯಾಂಡಲ್ ತಿರುವಿದ. ಎಂಜಿನ್ ಕೆಮ್ಮಿತು, ಸೀನಿತು, ಆಮೇಲೆ ಗುರ್ರೆಂದು ಎದ್ದಿತು. "ಅಂಗಡಿ ಹೊಂಟ್ತೋ!" ಎಂದು ಯಾರೋ ಕೂಗಿದರು. ಇಷ್ಟು ವರ್ಷ ಮೂಕಮ್ಮ ಆ ಕಿಟಕಿಯಲ್ಲಿ ಕಂಡಿದ್ದು ಬರುವ ಬಸ್ಸು, ಹೋಗುವ ಬಸ್ಸು. ಈಗ ಬಸ್‌ಸ್ಟ್ಯಾಂಡೇ ಹಿಂದೆ ಸರಿಯಿತು, ಚಹಾದ ಹೋಟೆಲು ಸರಿಯಿತು, ಹಸಿರು ಭತ್ತದ ಗದ್ದೆಗಳು ಸಾಲುಗಟ್ಟಿ ಓಡತೊಡಗಿದವು. ಡಬ್ಬಿಗಳು ಗಲಗಲ ಕುಣಿದವು. ಬೈಕಿನವನೊಬ್ಬ ಪಕ್ಕಕ್ಕೆ ಬಂದು, "ಯವ್ವಾ, ಒಂದ್ ಕಡ್ಡಿಪೆಟ್ಟಿಗಿ!" ಎಂದ. ಅವಳು ಓಡುವ ಅಂಗಡಿಯಿಂದಲೇ ಎಸೆದಳು, ಅವನು ಹಿಡಿದೂ ಬಿಟ್ಟ. ಮೂಕಮ್ಮ ಹಲ್ಲಿಲ್ಲದ ಬಾಯಿ ಬಿಟ್ಟು ಗಟ್ಟಿಯಾಗಿ ನಕ್ಕಳು. ಇಂಥ ಖುಷಿ ಅವಳಿಗೆ ಮದುವೆಯಲ್ಲೂ ಆಗಿರಲಿಲ್ಲ.

ಅಷ್ಟರಲ್ಲಿ ಮಳೆ ಬಂತು. ಹನಿ ಹನಿಯಾಗಿ ಬರಲಿಲ್ಲ, ಒಮ್ಮೆಲೇ ದಬದಬ ಸುರಿಯಿತು. ಒಳಗೆ ಒಂದು ಹನಿಯೂ ಇಲ್ಲ! "ಏನ್ ಗಾಡಿ ಮಾಡ್ಯಾರಪ್ಪ!" ಎಂದು ಮೂಕಮ್ಮ ಸೂರನ್ನು ಸವರಿದಳು. ಆಮೇಲೆ ನಡುವಿನ ಗಾಜಿನಾಚೆ ನೋಡಿದಳು. ಸೂರು ಗಾಜಿಗೇ ಮುಗಿದಿತ್ತು, ಮುಂದಿನ ಸೀಟಿಗೆ ಸೂರೇ ಇರಲಿಲ್ಲ. ಮುರಿದದ್ದಲ್ಲ, ಮಾಡಿದ್ದೇ ಹಾಗೆ. ರಾಯರ ಬೋಳುತಲೆಯ ಮೇಲೆ ಬಿದ್ದ ನೀರು ಕುತ್ತಿಗೆಯಿಂದ ಅಂಗಿಯೊಳಗೆ ಇಳಿಯುತ್ತಿತ್ತು. ಸೊಸೆಯಾಗಿ ಬಂದ ಹೊಸತರಲ್ಲಿ, ಮಾವ ಬಾಗಿಲಲ್ಲಿ ನಿಂತು ಅಂಗಿ ಹಿಂಡುತ್ತಿದ್ದುದು ಅವಳಿಗೆ ನೆನಪಾಯಿತು. ಮೋಟಾರಿನಲ್ಲಿ ಹೋದವರು ಹೇಗೆ ತೋಯ್ದಿರಿ ಎಂದು ಕೇಳಿದರೆ ಅವನು ಸುಮ್ಮನೆ ಕೆಮ್ಮುತ್ತಿದ್ದ. ಅವಳು ತಟ್ಟನೆ ಗಾಜು ಸರಿಸಿದಳು.

"ರಾಯರ, ನಿಲ್ಲಸ್ರಿ! ಒಳಗ ಬರ್ರಿ."

"ನಾ ಒಳಗ ಬಂದ್ರ ಗಾಡಿ ಯಾರವ್ವ ಹೊಡಿಯೋರು?"

"ಮಳಿ ನಿಲ್ಲೋತನಕ ಯಾರೂ ಹೊಡಿಯೋದು ಬ್ಯಾಡ."

ರಾಯರು ಗಾಡಿ ನಿಲ್ಲಿಸಿ ಒಳಗೆ ಬಂದರು. ಅವಳು ಡಬ್ಬಿಗಳನ್ನು ಎತ್ತಿಟ್ಟು ಕುರ್ಚಿ ಖಾಲಿ ಮಾಡಿಕೊಟ್ಟಳು, ಮಾರಲು ಇಟ್ಟಿದ್ದ ಟವೆಲ್ಲು ಚಾಚಿದಳು. ತೊಪ್ಪೆಯಾಗಿದ್ದರೂ ರಾಯರ ಹುರುಪು ಇಳಿದಿರಲಿಲ್ಲ. "ನೋಡ್ದ್ಯಾ ಯವ್ವಾ, ಎಲ್ಲಿ ಸೋರ್ತದ ಹೇಳು! ಬಹುಮಾನ ನಮ್ದ. ಈಗರ ಹೂಂ ಅನ್ನು."

"ಹೂಂ ಅಂತೀನಿ. ನಿಮ್ಮ ಹೊಸಾ ಅಂಗಡೀನೂ ಬ್ಯಾಡ. ಆ ಮುಂದಿನ ಸೀಟಿಗಿ ಒಂದ್ ಸೂರು ಹಾಕಸ್ರಿ. ಇದು ನಿಮ್ದ."

ರಾಯರು ಇಂಗು ತಿಂದ ಮಂಗನಂತಾದರು. "ಅದಾಗಂಗಿಲ್ಲವ್ವ. ಇದರ ಅಸಲಿ ರೂಪನ ಹಂಗ. ಧಣಿಗಿ ಸೂರು, ಡ್ರೈವರಿಗಿ ಬಯಲು. ಒಂದ್ ತಗಡು ಹಚ್ಚಿದ್ರೂ ಬಹುಮಾನ ಹೋತು."

ಗಾಜಿನಾಚೆ ಡ್ರೈವರನ ಸೀಟಿನಲ್ಲಿ ನೀರು ನಿಲ್ಲುತ್ತಿತ್ತು. ಮೂಕಮ್ಮ ಅದನ್ನು ಕೈಯಿಂದ ತೋರಿಸಿದಳು.

"ಹಂಗಾರ ಮಳಿ ನಿಂತ ಮ್ಯಾಲ ಕಲ್ಲೂರಿಗಿ ಹೊಳ್ಳಸ್ರಿ, ರಾಯರ. ನನ್ನ ಅಂಗಡಿ ಮುಂದ ಬೀಡಿ ತಗಳಾಕ ನಿಂತೋರೂ ತೋಯಬಾರ್ದಂತ ನಾ ತಗಡು ಹಾಕಸೀನಿ."