ದಡದ ಮೇಲೆ ನಿಂತವನು

ಭಾನುಪ್ರಕಾಶ್ ತರಗತಿಯ ನಡುವೆಯೇ ಎದ್ದು ನಿಂತ. ತುಟಿ ಬಿಳಿಚಿಕೊಂಡಿತ್ತು. ತಹಸೀನ್ ಮೇಡಂ ಅದನ್ನು ಗಮನಿಸಿದರೂ ಮಾತು ನಿಲ್ಲಿಸಲಿಲ್ಲ.

ತುಮಕೂರಿನ ಆ ಕಾಲೇಜಿನಲ್ಲಿ ಎಂ.ಎ. ಕನ್ನಡದವರಿಗೆ ವಿಮರ್ಶೆ ಕಲಿಸುವವರು ಅವರು. ಕುಣಿಗಲ್‌ನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಮನೋವಿಶ್ಲೇಷಣೆ ಎಂದರೆ ಅವರಿಗೆ ಹುಚ್ಚು. ಕಥೆಯಲ್ಲಿ ಬರೆದದ್ದಕ್ಕಿಂತ ಬಚ್ಚಿಟ್ಟದ್ದೇ ಹೆಚ್ಚು, ಬರೆದವನಿಗೂ ಗೊತ್ತಿಲ್ಲದ್ದನ್ನು ಓದುಗ ಹೊರಗೆಳೆಯಬೇಕು ಎನ್ನುವುದು ಅವರ ಪಾಠದ ತಿರುಳು. ಆ ದಿನ ಅದಕ್ಕೆ ಸಿಕ್ಕಿದ್ದು ಕಾಲೇಜು ಸಂಚಿಕೆಯಲ್ಲಿ ಬಂದಿದ್ದ ಭಾನುಪ್ರಕಾಶನ ಕಥೆ.

ಕಥೆ ಸಣ್ಣದು. ತೆಂಗಿನ ತೋಟದ ಕೃಷಿ ಹೊಂಡಕ್ಕೆ ಅಪ್ಪ ಬೀಳುತ್ತಾನೆ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿದೆ. ಹತ್ತಲು ಹೋದಷ್ಟೂ ಜಾರುತ್ತಾನೆ. ಮಗ ದಡದ ಮೇಲೆ ನಿಂತಿದ್ದಾನೆ. ಕೈಯಲ್ಲಿ ಹಗ್ಗವಿದೆ. ಎಸೆಯುವುದಿಲ್ಲ. ನೀರು ಸುಮ್ಮನಾದ ಮೇಲೆ ಹಗ್ಗ ಸುತ್ತಿಟ್ಟು ಮನೆಗೆ ಹೋಗುತ್ತಾನೆ.

“ಮಗನಿಗೆ ಅಪ್ಪನೇ ಮೊದಲ ಎದುರಾಳಿ,” ಎಂದರು ತಹಸೀನ್. “ಅವನು ಇಲ್ಲವಾಗಲಿ ಅನ್ನೋ ಆಸೆ ಒಳಗೇ ಹೂತುಹೋಗಿರುತ್ತೆ. ಕಥೆ ಅದಕ್ಕೊಂದು ವೇಷ ಹಾಕಿ ಹೊರಗೆ ಕಳಿಸುತ್ತೆ. ಇಲ್ಲಿ ನೋಡಿ, ಮುಳುಗೋವಾಗ ಬಳೆ ಒಡೆದ ಸದ್ದು ಕೇಳಿಸ್ತು ಅಂತಿದೆ. ಗಂಡಸಿನ ಕೈಯಲ್ಲಿ ಬಳೆ ಯಾಕೆ? ಅಪ್ಪನ ಗಂಡಸುತನಾನೇ ಮಗ ಕಿತ್ಕೊಳ್ತಿದಾನೆ.”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಭಾನುಪ್ರಕಾಶ್ ಹೊರಗೆ ನಡೆದುಬಿಟ್ಟ.

ತಹಸೀನ್ ಪಾಠ ಮುಗಿಸಿ ಬಂದಾಗ ಅವನು ಕಾರಿಡಾರಿನಲ್ಲೇ ನಿಂತಿದ್ದ.

“ಮೇಡಂ, ಬರ್ದಿದ್ದೆಲ್ಲ ಆಸೇನೇ ಆಗಿರ್ಬೇಕಾ? ಕಂಡಿದ್ದು ಆಗಿರ್ಬಾರ್ದಾ?”

“ನಿಮ್ಮಪ್ಪ ಚೆನ್ನಾಗೇ ಇದಾರಲ್ಲಪ್ಪ. ಕಂಡಿದ್ದು ಹೇಗಾಗುತ್ತೆ?”

ಅವನು ಗೋಡೆ ನೋಡಿದ. “ಅಪ್ಪನ್ನ ನೆನೆಸ್ಕೊಂಡ್ರೆ ಕೈ ನಡುಗುತ್ತೆ ಮೇಡಂ. ಊರಿಗೇ ಹೋಗ್ತಿಲ್ಲ. ಫೋನ್ ನಂಬರ್ರೂ ಚೇಂಜ್ ಮಾಡ್ದೆ.”

“ಅಮ್ಮ?”

“ಹೋದ ವರ್ಷ ಹೋಗ್ಬಿಟ್ರು.”

ತಹಸೀನ್‌ಗೆ ಎಲ್ಲ ತಾಳೆಯಾದಂತೆನಿಸಿತು. ನಡುವೆ ನಿಂತು ತಡೆಯುತ್ತಿದ್ದ ತಾಯಿಯೇ ಇಲ್ಲ. ಇನ್ನು ಆ ಸಿಟ್ಟಿಗೆ ಲಗಾಮು ಹಾಕುವವರು ಯಾರು? “ಕೈ ಯಾಕೆ ನಡುಗುತ್ತೆ, ಏನು ಮಾಡೋಕೆ ಹೊರಟಿದೆ ಅಂತ ನಿನ್ನನ್ನ ನೀನೇ ಕೇಳ್ಕೋ,” ಎಂದರು ಮೃದುವಾಗಿ.

ಅವನು ಚೀಲ ಹೆಗಲಿಗೇರಿಸಿದ. “ಹೇಳಿದ್ರೂ ನೀವು ಬೇರೆ ಏನೋ ಅರ್ಥ ಹೇಳ್ತೀರ,” ಎಂದು ಮೆಟ್ಟಿಲಿಳಿದು ಹೋದ.

ಆಮೇಲೆ ಅವನು ಕಾಲೇಜಿನ ಕಡೆ ತಲೆ ಹಾಕಲಿಲ್ಲ. ಒಂದು ದಿನ ಅವನ ಸಹಪಾಠಿ ರವೀಶ್ ಸ್ಟಾಫ್ ರೂಮಿಗೆ ಬಂದ.

“ಮೇಡಂ, ಭಾನು ಕ್ಯಾತ್ಸಂದ್ರದಲ್ಲಿ ನನ್ ರೂಮಲ್ಲೇ ಇದಾನೆ. ಆಚೆಗೇ ಬರಲ್ಲ. ದಿಂಬಿನ ಕೆಳಗೆ ಮಚ್ಚು ಇಟ್ಕೊಂಡು ಮಲಗ್ತಾನೆ. ನಿದ್ದೇಲಿ ಅಪ್ಪ, ಅಪ್ಪ ಅಂತ ಕಿರುಚ್ತಾನೆ. ಪೊಲೀಸ್ಗೆ ಹೇಳ್ಬಿಡ್ಲಾ?”

ತಹಸೀನ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ತಾವು ಓದಿ ಹೇಳಿದ್ದು ಇಷ್ಟು ಬೇಗ ನಿಜವಾಗುತ್ತದೆಂದು ಅವರೂ ಎಣಿಸಿರಲಿಲ್ಲ. “ಬೇಡ ಕಣೋ. ಸ್ಟೇಷನ್ ಅಂದ್ರೆ ಹುಡುಗನ ಬದುಕೇ ಹಾಳು. ನಾನೇ ಅವರಪ್ಪನ ಹತ್ರ ಮಾತಾಡ್ತೀನಿ,” ಎಂದರು.

ಭಾನುವಾರ ಬೆಳಗ್ಗೆ ಅವರು ಗುಬ್ಬಿಯಲ್ಲಿ ಬಸ್ಸಿಳಿದು ಭಾನುಪ್ರಕಾಶನ ಊರಿಗೆ ಆಟೋ ಹಿಡಿದರು. ಅವನ ಅಪ್ಪ ಮಹಾದೇವಯ್ಯ ತೋಟದ ಮನೆಯ ಮುಂದೆಯೇ ಇದ್ದ. ದನಿ ಎತ್ತರಿಸದ ಮನುಷ್ಯ. ಮಗನ ಮೇಡಂ ಎಂದು ತಿಳಿದದ್ದೇ ಕುರ್ಚಿ ಹಾಕಿ, ಎಳನೀರು ಕೊಚ್ಚಿ ಕೊಟ್ಟ.

“ಎಲ್ಲವ್ನೆ ಅಂತ್ಲೇ ಗೊತ್ತಿಲ್ಲ ಮೇಡಂ. ನೆಂಟರ ಮನೆಗೆಲ್ಲ ಹೋಗ್ಬಂದೆ. ಇರೋನು ಒಬ್ನೇ ಮಗ.”

ಅವನ ಕಣ್ಣು ತುಂಬಿದ್ದು ಕಂಡು ತಹಸೀನ್‌ಗೆ ಅಯ್ಯೋ ಎನಿಸಿತು. ನಿಧಾನವಾಗಿ, ನೋಯದ ಹಾಗೆ ಕಥೆ ಹೇಳಿದರು. ಹೊಂಡ, ಜಾರುವ ಹಾಳೆ, ಬಳೆಯ ಸದ್ದು. ಮಹಾದೇವಯ್ಯ ನೆಲ ನೋಡುತ್ತಾ ಕೇಳಿದ.

“ಹಗ್ಗ ಕೈಲಿದ್ರೂ ಎಸೀಲಿಲ್ಲ ಅಂತ ಬರ್ದವ್ನಾ?”

“ಹೌದು.”

“ಸುತ್ತಿಟ್ಟು ಮನೆಗೋದ ಅಂತಾನೂ?”

“ಹೌದು. ಆದ್ರೆ ಅದೆಲ್ಲ ಬರೀ ಮನಸ್ಸಿನ ಆಟ. ದಯವಿಟ್ಟು ಸಿಟ್ಟಾಗ್ಬೇಡಿ.”

“ಸಿಟ್ಯಾಕೆ ಮೇಡಂ, ನಂದೇ ರಕ್ತ.” ಅವನು ಟವೆಲಿನಿಂದ ಮುಖ ಒರೆಸಿಕೊಂಡ. “ಓದಿದೋರೆಲ್ಲ ಏನಂದ್ರು?”

“ಎಲ್ಲರೂ ಕಥೆ ಅಂತಲೇ ಓದಿದಾರೆ.”

ಮಹಾದೇವಯ್ಯ ಉಸಿರು ಬಿಟ್ಟ. ಅದು ತಂದೆಯ ನಿಟ್ಟುಸಿರು ಎಂದುಕೊಂಡ ತಹಸೀನ್ ಕ್ಯಾತ್ಸಂದ್ರದ ರೂಮು ಎಲ್ಲಿದೆ, ಯಾವ ಮೆಸ್ಸಿನ ಹಿಂದಿನ ಮಹಡಿ ಎಂದು ಬಿಡಿಸಿ ಹೇಳಿದರು. ದಿಂಬಿನ ಕೆಳಗೆ ಮಚ್ಚಿದೆ, ಹುಷಾರು ಎಂದೂ ಹೇಳಿದರು. ಮಧ್ಯಾಹ್ನ ರವೀಶ್ ಊರಿಗೆ ಹೋಗಿರುತ್ತಾನೆ, ಅಪ್ಪ ಮಗ ಇಬ್ಬರೇ ಕೂತು ಮನಸ್ಸು ಬಿಚ್ಚಿ ಮಾತಾಡಬಹುದು ಎಂದರು.

“ಹೇಳಿದ್ದು ಬಾಳ ಒಳ್ಳೇದಾಯ್ತು ಬುಡಿ.” ಅವನು ಒಳಗೆ ಹೋಗಿ ಅಂಗಿ ಬದಲಾಯಿಸಿಕೊಂಡು ಬಂದ. ಬೈಕನ್ನು ಅಂಗಳಕ್ಕೆ ತಳ್ಳಿದ. ತಹಸೀನ್ ಮನಸ್ಸು ಹಗುರಾಗಿತ್ತು. ಓದಿದ್ದು ಒಂದು ಜೀವ ಉಳಿಸುವ ಕೆಲಸಕ್ಕೆ ಬಂತಲ್ಲ ಎನಿಸಿತು.

“ಅವರಮ್ಮ ಹೊಂಡಕ್ಕೆ ಬಿದ್ದ ದಿವ್ಸ ಇವ್ನು ಕಾಲೇಜಿಗೆ ಹೋಗವ್ನೆ ಅಂತ್ಲೇ ತಿಳ್ಕೊಂಡಿದ್ದೆ ಮೇಡಂ,” ಎಂದು ಮಹಾದೇವಯ್ಯ ಬೈಕಿನ ಕಿಕ್ಕರ್ ಒದ್ದ.