ಹತ್ತದ ಬ್ರೇಕ್ ಲೈಟು

“ಈಗ ಹತ್ತಿತಾ?”

“ಇಲ್ಲ ರೀ.”

ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾಗಿದ್ದ ಜವರಯ್ಯ ಬ್ರೇಕಿನಿಂದ ಕಾಲು ತೆಗೆದು ತಮ್ಮ ಹಳೆಯ ಕಾರಿನ ಸ್ಟೇರಿಂಗಿಗೆ ಗುದ್ದಿದರು. ಬೆಳಗಿನಿಂದ ಬಲ್ಬು ಬದಲಾಯಿಸಿದ್ದಾಯಿತು, ಫ್ಯೂಸು ಬದಲಾಯಿಸಿದ್ದಾಯಿತು, ತುಕ್ಕು ಹಿಡಿದ ಹೋಲ್ಡರನ್ನು ಉಪ್ಪುಕಾಗದದಲ್ಲಿ ಉಜ್ಜಿದ್ದೂ ಆಯಿತು. ಪೆಡಲು ಒತ್ತಿಕೊಂಡೇ ಹಿಂದೆ ಹೋಗಿ ನೋಡಲು ಅವರಿಗೆ ಸಾಧ್ಯವಿರಲಿಲ್ಲ. ಹೆಂಡತಿ ಸಾಕಮ್ಮನೇ ಕಾರಿನ ಹಿಂದೆ ನಿಂತು ಹೇಳಬೇಕಿತ್ತು.

“ಎಲ್ಲಾ ಸರಿ ಇದೆ, ಆದ್ರೂ ಯಾಕೆ ಹತ್ತಲ್ಲ ಇದು? ತಲೆ ಕೆಟ್ಟು ಹೋಗ್ತಿದೆ ನಂಗೆ!”

“ನಾಳೆ ಮದುವೆಗೆ ಬಸ್ಸಲ್ಲೇ ಹೋಗೋಣ ಬಿಡಿ. ಕಣ್ಣಿನ ಪೊರೆ ತೆಗೆಸೋವರೆಗೂ ಗಾಡಿ ಮುಟ್ಟಬೇಡಿ ಅಂತ ಡಾಕ್ಟ್ರೂ ಹೇಳಿದಾರೆ.”

“ಆ ಡಾಕ್ಟ್ರು ಹುಟ್ಟೋಕೆ ಮುಂಚಿಂದ ಓಡಿಸ್ತಿದೀನಿ ಕಣೇ!”

“ಮೊನ್ನೆ ಹಾಲಿನ ಸೈಕಲ್ಲಿನವನು ನಿಮಗೆ ಕಾಣಿಸಲೇ ಇಲ್ಲವಲ್ಲ.”

“ಅವನೇ ಅಡ್ಡ ಬಂದ. ಆ ಮಾತು ಬಿಡು. ಬ್ರೇಕ್ ಲೈಟಿಲ್ಲದ ಗಾಡೀನ ನನ್ನ ಸರ್ವೀಸಲ್ಲಿ ಒಂದು ದಿನಾನೂ ಡಿಪೋದಿಂದ ಹೊರಗೆ ತೆಗೆದೋನಲ್ಲ ನಾನು. ನಾಳೇನೂ ತೆಗೆಯಲ್ಲ. ಇದೇ ಕೊನೇ ಸಲ, ಸರಿಯಾಗಿ ನೋಡಿ ಹೇಳು.”

ಜವರಯ್ಯ ಇದ್ದ ಸಿಟ್ಟನ್ನೆಲ್ಲ ಕಾಲಿಗೆ ತಂದುಕೊಂಡು ಬ್ರೇಕು ಒತ್ತಿದರು.

ಹಿಂದಿನ ಎರಡೂ ದೀಪಗಳ ಬೆಳಕಿಗೆ, ಆ ಮುಸ್ಸಂಜೆಯಲ್ಲಿ, ಸಾಕಮ್ಮನ ತಿಳಿಹಳದಿ ಸೀರೆ ಸೊಂಟದವರೆಗೂ ಕೆಂಪಾಯಿತು.

“ಇಲ್ಲ ರೀ,” ಎಂದರು ಸಾಕಮ್ಮ, “ಹತ್ತಲಿಲ್ಲ.”